ಹರಳೆಣ್ಣೆ ಕುಡಿದ ನಾಯಕ

ಕಷ್ಟದ ಕುಲುಮೆಯಲ್ಲಿ ಬೆಂದವನೇ ವೀರನಾಗುತ್ತಾನೆ ಎಂಬುದು ಬಲ್ಲವರೆಲ್ಲ ಒಪ್ಪಿದ ಸತ್ಯ. ಒಪ್ಪಿದವರಲ್ಲಿ ಬೆಂದವರು ಯಾರೂ ಇದ್ದಂತಿಲ್ಲ. ಹೋದ ಭಾನುವಾರ ಬೆಳಿಗ್ಗೆ, ಗೋವಿಂದರಾಜನಗರದ ನಮ್ಮ ಎದುರುಮನೆಯ ಹೊಸ್ತಿಲು ದಾಟುತ್ತಲೇ ಹರಳೆಣ್ಣೆಯ ಘಾಟು ಮೂಗಿಗೆ ಬಡಿದು, ಈ ಸತ್ಯ ನೆನಪಾಯಿತು.

ಎದುರುಮನೆ ಮೇಷ್ಟ್ರು ತೀರಿಕೊಂಡು ತಿಂಗಳಾಗಿತ್ತು. ಪಾಠ ಅವರ ಉದ್ಯೋಗ, ನಾಟಕ ಅವರ ಚಟ, ಒಬ್ಬನೇ ಮಗ ಅವರ ಪ್ರಯೋಗಶಾಲೆ. ತಾಯಿಯಿಲ್ಲದ ಆ ಹುಡುಗ ನೀರು ಬೇಕಾದರೂ ಬೆರಳೆತ್ತಿ "ಕುಡೀಲಾ ಅಪ್ಪಾ?" ಎಂದು ಕೇಳಬೇಕು. ನಕ್ಕರೆ ಮರದ ಸ್ಕೇಲು. ಅತ್ತರೆ ಅದೇ ಸ್ಕೇಲಿನ ಅಂಚು. ಭಾನುವಾರ ಮಾತ್ರ ಹೊಡೆತಕ್ಕೆ ರಜೆ. ವಾರದ ತಪ್ಪೆಲ್ಲ ತೊಳೆದುಹೋಗಲೆಂದು ಅಂದು ಚಿಕ್ಕ ಲೋಟದ ತುಂಬ ಹರಳೆಣ್ಣೆ. ಬೀದಿಗೆ ಕಾಣುವಂತೆ ಜಗಲಿಯಲ್ಲೇ ನಿಲ್ಲಿಸಿ ಕುಡಿಸುತ್ತಿದ್ದರು. ಗಲ್ಲದ ಮೇಲೆ ಇಳಿದದ್ದನ್ನೂ ಅವನು ಬೆರಳಿನಿಂದ ಒರೆಸಿ ನೆಕ್ಕಬೇಕಾಗಿತ್ತು... ಆ ಹೊತ್ತಿಗೆ ನಮ್ಮ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದರೆ, ಅದು ಹಾಗೇ ತಟ್ಟೆಯಲ್ಲಿ ಆರುತ್ತಿತ್ತು.

"ಅದುಮಿದ್ರೇನೇ ಕಣ್ರೀ ಸ್ಪ್ರಿಂಗು ಎಗರೋದು," ಎನ್ನುತ್ತಿದ್ದರು ಮೇಷ್ಟ್ರು.

"ಸ್ಪ್ರಿಂಗಿಗೆ ಯಾರೂ ಭೇದಿ ಮಾಡ್ಸಲ್ಲ ಮೇಷ್ಟ್ರೇ," ಎಂದಿದ್ದಳು ನನ್ನ ಹೆಂಡತಿ. ಆಮೇಲೆ ಬಹಳ ಕಾಲ ಅವರು ನಮ್ಮ ಕಡೆ ತಿರುಗಿ ನೋಡಲಿಲ್ಲ. ಅದೊಂದು ಸುಖದ ಕಾಲ.

ಹುಡುಗ ಕಾಲೇಜು ಸೇರಿದ ವರ್ಷ ಮೇಷ್ಟ್ರು ತಮ್ಮ ಈ ತತ್ವವನ್ನೇ ಬಡಾವಣೆಯ ರಾಜ್ಯೋತ್ಸವಕ್ಕೆ ನಾಟಕ ಮಾಡಿದರು. ಕ್ರೂರ ತಂದೆಯ ಕೈಯಲ್ಲಿ ನಲುಗಿದ ಮಗ, ಕಡೆಗೆ ಅವನ ಕೋಲು ಕಸಿದು ಮುರಿದು, ನಾಡು ಕಾಯಲು ಹೊರಡುವ ಕಥೆ. ನಾಯಕ, ಮಗ. ತಂದೆಯಾಗಿ ತಾವೇ, ಆ ಪಾತ್ರಕ್ಕೆ ತಾಲೀಮು ಬೇಕಿರಲಿಲ್ಲ. ಕೋಲಿನ ಬದಲು ಮನೆಯ ಸ್ಕೇಲು. ಸುಮ್ಮನೆ ಯಾಕೆ ಹಾಳು ಎಂದು ಅದನ್ನು ಮುರಿಯುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಭ್ಯಾಸ ಮಾಡಿಸಿದ್ದರು.

ಪೆಂಡಾಲು ತುಂಬಿತ್ತು. ಹುಡುಗ ಸ್ಕೇಲು ಕಸಿದ. ಕಸಿದು ಹಾಗೇ ನಿಂತ.

"ಮುರಿಯೋ ಗುರು!" ಹಿಂದಿನಿಂದ ಯಾರೋ ಕೂಗಿದರು. "ಹಾಕು ಮಗಾ, ಹಾಕು!" ಶಿಳ್ಳೆ ಬಿತ್ತು. ಮುಂದಿನ ಸಾಲಿನಲ್ಲಿ ನಾನೂ ಮುಷ್ಟಿ ಬಿಗಿದು ಕೂತಿದ್ದೆ. ನಾಟಕ ಹಾಳಾಗಲಿ, ಇದೊಂದು ಸಲ ಮುರಿದುಬಿಟ್ಟರೆ ಈ ಹುಡುಗ ಉಳಿದುಕೊಂಡ ಎನಿಸಿತ್ತು.

ಅವನು ನಿಧಾನವಾಗಿ ಬೆರಳೆತ್ತಿದ.

"ಮುರೀಲಾ ಅಪ್ಪಾ?" ಮೈಕು ಅದನ್ನು ಬೀದಿಗೆಲ್ಲ ಕೇಳಿಸಿತು.

"ಹೂಂ. ಮುರಿ."

ಮುರಿದ. ಜನ ಅದನ್ನೂ ನಾಟಕದ ಭಾಗವೆಂದೇ ತಿಳಿದು ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಶಾಲು ಹೊದಿಸಿ ಪೇಟ ತೊಡಿಸಿದರು. ಮಾರನೆಯ ದಿನ ಹೊಸ ಸ್ಕೇಲು ತರಲು ಅಂಗಡಿಗೆ ಹೋದವನೂ ಆ ನಾಯಕನೇ.

ಈಗ ಅವನ ತಲೆ ನರೆತಿದೆ. ಮದುವೆಯಾಗಿಲ್ಲ, ಕೇಳಲು ಧೈರ್ಯ ಬರಲಿಲ್ಲವೋ, ಕೇಳಿ ಅಪ್ಪಣೆ ಸಿಗಲಿಲ್ಲವೋ... ಮೊನ್ನೆ ನಾನು ಒಳಗೆ ಹೋದಾಗ ಅಪ್ಪನ ಹಾರ ಹಾಕಿದ ಫೋಟೋದ ಕೆಳಗೆ ಕೂತಿದ್ದ.

"ಇನ್ನಾದ್ರೂ ನಿನ್ನಿಷ್ಟದ ಹಾಗೆ ಇರಪ್ಪ," ಎಂದೆ.

ಫೋಟೋದ ಕಡೆ ನೋಡಿ, ಆಮೇಲೆ "ಆಗ್ಲಿ ಸಾರ್" ಎಂದ.

ಮೇಷ್ಟ್ರಿಗಾಗಿ ನನಗೆ ಅಳು ಬಂದಿರಲಿಲ್ಲ. ಆ ಹುಡುಗನಿಗಾಗಿ ಎಂದೋ ಅಳಬೇಕಾಗಿತ್ತು. ಆದರೆ ಅವನು ಒಳಗೊಳಗೇ ಯಾವತ್ತು ತೀರಿಹೋದನೆಂದು ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ಅಂದು ಭಾನುವಾರ. ಅವನು ಪಕ್ಕದಲ್ಲಿದ್ದ ಚಿಕ್ಕ ಲೋಟ ಎತ್ತಿ ಕುಡಿದು, ಗಲ್ಲದ ಮೇಲೆ ಇಳಿದದ್ದನ್ನು ಬೆರಳಿನಿಂದ ಒರೆಸಿ ನೆಕ್ಕಿದ.