ಹುಳುಮನೆ ಗೋಡೆಯ ಮಲ್ಲಿಗೆ

ಗಿಡ ಒಣಗಿಹೋಯಿತು ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ನನಗೆ ರೇಗುತ್ತದೆ. ತಾನಾಗಿ ಒಣಗಲು ಅದೇನು ಹಪ್ಪಳವೇ? ನೋಡಿಕೊಳ್ಳಲು ಬರಲಿಲ್ಲ ಎನ್ನಿ, ಒಪ್ಪುತ್ತೇನೆ. ಕರಿಬೇವು ಏಳಲಿಲ್ಲವೇ, ಹುಳಿ ಮಜ್ಜಿಗೆಯನ್ನು ನೀರು ಮಾಡಿ ಬುಡಕ್ಕೆ ಹಾಕಿ. ಬದನೆ ಎಲೆಗೆ ಹುಳು ಬಿತ್ತೇ, ಇಬ್ಬನಿ ಆರುವ ಮೊದಲೇ ಒಲೆಯ ಬೂದಿ ಉದುರಿಸಿ. ಬಿಸಿಲೇರಿದ ಮೇಲೆ ಉದುರಿಸಿದರೆ ಬೂದಿ ನಿಲ್ಲುವುದಿಲ್ಲ. ನೆಂಟರ ಊರಿಗೆ ಹೋಗುವುದಿದ್ದರೆ ಹಳೆ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ತೂರಿಸಿ, ನೀರು ತುಂಬಿಸಿ ಗಿಡದ ಪಕ್ಕ ಹೂತಿಟ್ಟು ಹೋಗಿ. ಇದನ್ನೆಲ್ಲ ನನಗೆ ಕಲಿಸಿದವಳು ನಮ್ಮವ್ವ. ಮಾಗಡಿಯಲ್ಲಿ ಅವಳ ಹಿತ್ತಿಲಿಗೆ ಬಂದವರು ಬರಿಗೈಯಲ್ಲಿ ಹೋದದ್ದೇ ಇಲ್ಲ.

ನಾನು ಮದುವೆಯಾಗಿ ರಾಮನಗರದ ಹತ್ತಿರ ಕೂಟಗಲ್ ಕಡೆಯ ಹಳ್ಳಿಗೆ ಬಂದಾಗ ಮಹಾರಾಜರ ಆಳ್ವಿಕೆ. ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಎತ್ತಿನ ಗಾಡಿಯಲ್ಲಿ ನನ್ನ ಜೊತೆ ಅವ್ವನ ಮಲ್ಲಿಗೆಯ ಒಂದು ಕಡ್ಡಿಯೂ ಬಂತು. ಬಾಳೆಪಟ್ಟೆಯೊಳಗೆ ಹಸಿ ಮಣ್ಣು ಮೆತ್ತಿ, ಕಡ್ಡಿ ಊರಿ, ನಾರಿನಲ್ಲಿ ಬಿಗಿದು ಕೊಟ್ಟಿದ್ದಳು. ಅದನ್ನು ಗಂಡನ ಮನೆಯ ಹಿತ್ತಿಲ ಗೋಡೆಯ ಬದಿಗೆ ನೆಟ್ಟೆ. ಅಕ್ಕಿ ತೊಳೆದ ನೀರು ಕುಡಿದುಕೊಂಡೇ ಬಳ್ಳಿ ಗೋಡೆ ಹತ್ತಿತು. ಅದು ಮೊದಲ ಹೂ ಬಿಡುವ ಹೊತ್ತಿಗೆ ಅವ್ವ ತೀರಿಕೊಂಡಳು. ಆಮೇಲೆ ನಮ್ಮಣ್ಣ ಮನೆ ದೊಡ್ಡದು ಮಾಡುತ್ತೇನೆಂದು ಅವಳ ಹಿತ್ತಿಲನ್ನೆಲ್ಲ ಅಗೆಸಿಬಿಟ್ಟ. ಅವಳದು ಎಂದು ಈ ಲೋಕದಲ್ಲಿ ಉಳಿದದ್ದು ನನ್ನ ಆ ಬಳ್ಳಿಯೊಂದೇ.

ಗೋಡೆಯ ಒಳಬದಿಗೆ ರೇಷ್ಮೆ ಹುಳುವಿನ ಕೋಣೆ. ಹುಳು ಮೇಯುವ ದಿನಗಳಲ್ಲಿ ಅದಕ್ಕೆ ದೇವರ ಮನೆಗಿಂತ ಹೆಚ್ಚು ಮಡಿ. ಒಗ್ಗರಣೆ ಸಿಡಿಸುವಂತಿಲ್ಲ, ಇಂಗಿನ ಡಬ್ಬಿ ತೆರೆಯುವಂತಿಲ್ಲ. ಹೊಗೆಸೊಪ್ಪಂತೂ ಹೊಸ್ತಿಲು ದಾಟುವಂತಿಲ್ಲ. ಅದು ಒಸಿ ಸೋಕಿದರೂ ಹುಳು ಹಸಿರು ಕಾರಿಕೊಂಡು ಸಾಯುತ್ತವೆ. ಮನೆಯ ಯಜಮಾನಿಕೆ ಅತ್ತೆಯವರದು. ಮಾವ ಹೋದ ಮೇಲೆ ಹುಳು ಮೇಯಿಸಿಯೇ ಮಕ್ಕಳನ್ನು ಸಾಕಿದವರು. ಉಳಿದ ದಿನವೆಲ್ಲ ಹೊಗೆಸೊಪ್ಪು ಜಗಿಯುವ ಬಾಯಿ ಹುಳು ಇರುವಷ್ಟು ದಿನ ಖಾಲಿ. ಆ ಸಿಡುಕೆಲ್ಲ ನಮ್ಮ ಮೇಲೆ!

ಅಂಥ ದಿನಗಳಲ್ಲೇ ನನ್ನ ಮಲ್ಲಿಗೆಗೆ ಬಿಳಿ ಹೇನು ಬಿತ್ತು, ಎಲೆಯ ಮೇಲೆಲ್ಲ ಹಿಟ್ಟು ಚೆಲ್ಲಿದ ಹಾಗೆ. ಅದರ ಅಂಟು ಸಿಹಿಗೆ ಇರುವೆ ಸಾಲುಗಟ್ಟಿದವು. ರೇಷ್ಮೆ ಹುಳುವಿಗೆ ಇರುವೆಗಿಂತ ದೊಡ್ಡ ಯಮನಿಲ್ಲ. ಹುಳುವಿನ ತಟ್ಟೆ ಜೋಡಿಸಿದ ಅಟ್ಟಣೆಯ ಕಾಲುಗಳನ್ನೇ ನೀರಿನ ಬಟ್ಟಲಲ್ಲಿ ನಿಲ್ಲಿಸುವ ಮನೆ ನಮ್ಮದು. ಈ ಬಳ್ಳಿಯೋ, ಇರುವೆಗೆ ಕಿಟಕಿಯವರೆಗೂ ದಾರಿ ಮಾಡಿಕೊಟ್ಟಿತ್ತು.

ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸಿದ್ದರೆ ಹೇನು ಒಂದೇ ಬೆಳಗಿಗೆ ಉದುರುತ್ತಿತ್ತು. ಆದರೆ ಅದರ ಹೆಸರೆತ್ತುವ ಹಾಗೂ ಇಲ್ಲವಲ್ಲ. ಅಂಟುವಾಳದ ನೊರೆ ಬಳಿದೆ. ಕಾಂಡಕ್ಕೆ ಹರಳೆಣ್ಣೆಯ ಬಟ್ಟೆ ಸುತ್ತಿದೆ. ಇರುವೆಗಳು ಬಟ್ಟೆ ಬಿಟ್ಟು ಗೋಡೆ ಹಿಡಿದವು. ಒಳಗೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದಿದ್ದವು. ಮನೆಯ ಅನ್ನವೆಲ್ಲ ಆ ತಟ್ಟೆಗಳಲ್ಲಿತ್ತು. ಅತ್ತೆ ಗುದ್ದಲಿ ಹಿಡಿದು ಬಂದೇಬಿಟ್ಟರು.

"ಬುಡಸಮೇತ ಕಿತ್ತಾಕ್‌ಬುಡ್ತೀನಿ ಕಣಮ್ಮಿ. ಹೂವ ನೋಡ್ಕಂಡು ಕುಂತ್ರೆ ಹೊಟ್ಟೆ ತುಂಬ್ತದಾ?"

"ಅದು ನಮ್ಮವ್ವನ ಗಿಡ, ಅತ್ತೆಮ್ಮ."

"ನಿಮ್ಮವ್ವನ ಗಿಡ ನನ್ ಮಕ್ಕಳ ಅನ್ನಕ್ಕೆ ಬಾಯಿ ಹಾಕ್ತಾ ಐತಲ್ಲ!"

ಮೈಯೆಲ್ಲ ಉರಿದುಹೋಯಿತು. ಆದರೆ ಮಾತು ಸುಳ್ಳಲ್ಲ. ನಾನು ಸೂರಿನಿಂದ ಕುಡುಗೋಲು ಎಳೆದುಕೊಂಡೆ.

"ಬುಡ ಮಾತ್ರ ಮುಟ್‌ಬೇಡಿ. ಮೇಲ್ಗಡೆದೆಲ್ಲ ನಾನೇ ಕೊಯ್ದಾಕ್ತೀನಿ."

ಮೊಗ್ಗು ಕಚ್ಚಿದ್ದ ಬಳ್ಳಿಯನ್ನು ಗೇಣುದ್ದದ ಬೊಡ್ಡೆ ಬಿಟ್ಟು ಸವರಿ, ಕೊಯ್ದದ್ದನ್ನು ಹೊಗೆ ಮನೆಗೆ ಬಾರದಷ್ಟು ದೂರದ ಹೊಲದ ಬದುವಿನಲ್ಲಿ ಸುಟ್ಟೆ. ಅತ್ತೆ ಗುದ್ದಲಿ ಊರಿ ನೋಡುತ್ತಾ ನಿಂತರು. ಮಲ್ಲಿಗೆ ಕುಡುಗೋಲಿಗೆ ಹೆದರುವ ಜಾತಿಯಲ್ಲ, ಸವರಿದಷ್ಟೂ ಚಿಗುರಿ ಹೂ ಬಿಡುತ್ತದೆ. ಅದು ನನಗೆ ಗೊತ್ತಿತ್ತು. ಆದರೆ ಅವ್ವ ಸವರುತ್ತಿದ್ದದ್ದು ಗಟ್ಟಿ ಗಿಡವನ್ನು, ನನ್ನದು ಹೇನು ಹೀರಿ ಸೊರಗಿದ್ದು. ಹೋದರೆ ಹೋಯಿತು, ಇನ್ನೊಂದು ಕಡ್ಡಿ ತರಲು ಮಾಗಡಿಯಲ್ಲಿ ಏನಿತ್ತು?

ಹುಳು ಮೇವು ಬಿಟ್ಟು ಹಣ್ಣಾಗಿ ಚೆನ್ನಾಗಿ ಗೂಡು ಕಟ್ಟಿದವು. ನಾನು ಬೊಡ್ಡೆಯ ಸುತ್ತ ಮಣ್ಣು ಬಿಡಿಸಿ ಬೇರಿಗೆ ಬಿಸಿಲು ತೋರಿಸಿದೆ. ಆಮೇಲೆ ಕೊಟ್ಟಿಗೆ ಗೊಬ್ಬರಕ್ಕೆ ಹುಳುವಿನ ಹಿಕ್ಕೆ ಬೆರೆಸಿ ತುಂಬಿಸಿ ನೀರು ಕೊಟ್ಟೆ. ನೆರೆಮನೆಯವಳು ನಕ್ಕಳು: "ಸತ್ತ ಎಮ್ಮೆಗೆ ಹುಲ್ಲು ಹಾಕ್ತಾವ್ಳೆ ನೋಡ್ರವ್ವ."

"ಹಾಲು ಕರೆದಾಗ ಚೊಂಬು ತಕ್ಕಂಡು ಬರೀವಂತೆ, ಹೋಗು" ಎಂದೆ.

ಬಾಯಿ ಜೋರಿತ್ತು, ಧೈರ್ಯ ಅಷ್ಟಿರಲಿಲ್ಲ. ಎದ್ದ ಕೂಡಲೇ ಹೋಗಿ ಬೊಡ್ಡೆ ನೋಡುತ್ತಿದ್ದೆ. ಕೊನೆಗೆ ಒಂದು ಬೆಳಗ್ಗೆ ಗೆಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಕುಣಿದಾಡಿಬಿಟ್ಟೆ. ಈ ಸಲ ಬಳ್ಳಿಗೆ ಗೋಡೆ ಮುಟ್ಟಲು ಬಿಡಲಿಲ್ಲ, ಬೇರೆಯೇ ಬಿದಿರು ನೆಟ್ಟು ಚಪ್ಪರಕ್ಕೆ ಹಬ್ಬಿಸಿದೆ.

ಬೇಸಿಗೆಗೆ ಅದು ಹೂ ಬಿಟ್ಟ ಪರಿಯನ್ನು ಏನು ಹೇಳಲಿ! ಮಡಿಲು ತುಂಬ ಕಿತ್ತು ತಂದು ಜಗಲಿಯಲ್ಲಿ ಕಟ್ಟುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಮಾವ ಹೋದಂದಿನಿಂದ ಅವರು ಹೂವಿನ ತಂಟೆಗೆ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಒಸಿ ಇಲ್ಲಿ ಕೊಡಮ್ಮಿ" ಎಂದು ಕೈಯೊಡ್ಡಿದರು. ಬೊಗಸೆಗೆ ಹಾಕಿದೆ. ಕಣ್ಣು ಮುಚ್ಚಿ ಮೂಸಿದರು.

"ನಿಮ್ಮವ್ವನ ತಲೆ ಹಿಂಗೇ ಘಮ್ಮಂತಿತ್ತಾ?"

ಹೂಂ ಎಂದೆ. ಕುಡುಗೋಲು ಹಿಡಿದ ದಿನ ಒಂದು ಹನಿ ಕಣ್ಣೀರು ಹಾಕದವಳು, ಅವತ್ತು ಅವರ ತೊಡೆಯ ಮೇಲೆ ಬಿದ್ದು ಜೋರಾಗಿ ಅತ್ತುಬಿಟ್ಟೆ.