ಬಿದ್ದ ವಿಮಾನ, ಕಳಚಿದ ಚಕ್ರ

1986ರಲ್ಲಿ ನಾನು ಏಳನೆಯ ತರಗತಿಯ ಅರ್ಧದಲ್ಲೇ ಓದು ನಿಲ್ಲಿಸಿದಾಗ ಚರಿತ್ರೆಯ ಪಾಠ ಪಾಣಿಪತ್ತಿನ ಮೊದಲನೆಯ ಯುದ್ಧದ ಹತ್ತಿರ ಬಂದಿತ್ತು. ಅಲ್ಲಿಂದೀಚಿನದನ್ನೆಲ್ಲ ನನಗೆ ಕಲಿಸಿದ್ದು ಹೊಳಲ್ಕೆರೆಯಲ್ಲಿರುವ ನನ್ನ ಲಾರಿ ಗ್ಯಾರೇಜಿನ ಪಕ್ಕದ ಟೀ ಅಂಗಡಿಯ ಟಿವಿ. ವಿದ್ಯೆ ಅಲ್ಪವಾದರೂ ಸಿಟ್ಟಿಗೆ ಕೊರತೆಯಿಲ್ಲದ ಕಾರಣ, ಮೊನ್ನೆ ಆ ಟಿವಿಯ ಮುಂದೆ ನನಗೇರಿದ ಆವೇಶವನ್ನು ನೀವೂ ಸ್ವಲ್ಪ ಸಹಿಸಿಕೊಳ್ಳಬೇಕು.

ನಮ್ಮ ದೇಶದ ಹಳೆಯ ವಿಮಾನ ಕಂಪನಿಯ ಚರಿತ್ರೆಯನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿದರು. ಟಪಾಲು ಚೀಲ ಹೊತ್ತು ಹುಟ್ಟಿದ್ದು, ಖಾಸಗಿಯವರ ಕೈಯಿಂದ ಸರ್ಕಾರದ ಕೈಗೆ ಹೋಗಿದ್ದು, ಮುಪ್ಪಿನಲ್ಲಿ ತವರಿಗೆ ಮರಳುವಂತೆ ಮೊದಲಿನ ಮನೆತನಕ್ಕೇ ಮರಳಿದ್ದು, ಇಷ್ಟಕ್ಕೆ ಐದು ನಿಮಿಷ. ಉಳಿದದ್ದೆಲ್ಲ ಬೆಟ್ಟಕ್ಕೆ ಬಡಿದದ್ದು, ಸಮುದ್ರಕ್ಕೆ ಬಿದ್ದದ್ದು, ರನ್‌ವೇ ದಾಟಿ ಕಂದರಕ್ಕೆ ಉರುಳಿದ್ದು. ಇಷ್ಟು ವರ್ಷ ದಿನವೂ ಏರಿ, ಸುಖವಾಗಿ ಇಳಿದು, ಜನರನ್ನು ಅವರವರ ಮನೆ ಸೇರಿಸಿದ ವಿಮಾನಗಳಿಗೆ ಚರಿತ್ರೆಯೇ ಇಲ್ಲ. ಗ್ರಹಣ ಹಿಡಿದ ದಿನ ಮಾತ್ರ ತಲೆಯೆತ್ತಿ ಸೂರ್ಯನನ್ನು ನೋಡುವ ಜನ ನಾವು. ಅದೂ ಇರಲಿ, ತನಿಖೆ ಮುಗಿಯದ ಅಪಘಾತಕ್ಕೂ ಕೋಟು ತೊಟ್ಟವನೊಬ್ಬ ‘ಪೈಲಟ್‌ನದೇ ತಪ್ಪು’ ಎಂದು ತೀರ್ಪು ಕೊಟ್ಟ. ಯಂತ್ರ ಮಾಡಿದವನಿಗೆ ವಕೀಲರುಂಟು, ರಿಪೇರಿ ಮಾಡಿದವನಿಗೆ ಬಾಯುಂಟು, ಸತ್ತವನು ಎದ್ದು ಬಂದು ಅಲ್ಲಗಳೆಯಬಲ್ಲನೇ?

ಇದನ್ನು ನಾನು ಗಟ್ಟಿಯಾಗಿಯೇ ಕೇಳಿದೆ. ಟೀ ಅಂಗಡಿಯ ಬಸಣ್ಣ ಲೋಟ ತೊಳೆಯುತ್ತಲೇ ಅಂದ: “ಏನಪ್ಪ ಮೇಸ್ತ್ರಿ, ಮ್ಯಾಲೆ ಹಾರೋನ ಪರ ಭಾಳ ಮಾತಾಡ್ತೀಯ. ನಮ್ಮ ಡ್ರೈವರ್ ತಿಪ್ಪೇಶಣ್ಣನ ಕೆಲ್ಸ ಹೋತಲ್ಲ, ಅವನ ಪರ ಯಾರದಾರೆ?”

“ಜೋರಾಗಿ ಓಡಿಸಿದ್ನಂತೆ ಕಣೋ,” ಎಂದೆ.

“ಅಂತೆ ಅಂದೋರು ಯಾರು?”

“ಲಾರಿ ಸಾಹುಕಾರ್ರು.”

“ಅವ್ರು ಲಾರಿಯಾಗಿದ್ರಾ? ಆ ಕೋಟಿನೋನು ಇಮಾನದಾಗಿದ್ನಾ?”

ಹಿಂದಿನ ವಾರ ಚಿಕ್ಕಜಾಜೂರಿನ ಹತ್ತಿರ ತಿಪ್ಪೇಶಣ್ಣನ ಮೆಕ್ಕೆಜೋಳದ ಲಾರಿಯ ಚಕ್ರ ಕಳಚಿ, ಲಾರಿ ಹೊಲಕ್ಕೆ ವಾಲಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ವೇಗವೇ ಕಾರಣವೆಂದು ಸಾಹುಕಾರರು ಇಪ್ಪತ್ತು ವರ್ಷದಿಂದ ಲಾರಿ ಓಡಿಸುತ್ತಿದ್ದ ಡ್ರೈವರನ್ನು ಕೆಲಸದಿಂದ ತೆಗೆದರು. ಆ ಚಕ್ರ ಹಾಕಿದವನು ನಾನು.

ನಟ್ಟುಗಳನ್ನೆಲ್ಲ ಬಿಗಿದು ಮುಗಿಸಿದ ಮೇಲೆ ಟೈರಿಗೆ ಸೀಮೆಸುಣ್ಣದ ಗೀಟು ಎಳೆಯುವುದು ನನ್ನ ಗ್ಯಾರೇಜಿನ ಪದ್ಧತಿ. ಗೀಟು ಕಂಡ ಮೇಲೆ ಯಾವ ಡ್ರೈವರೂ ನಟ್ಟು ಮುಟ್ಟಿ ನೋಡುವುದಿಲ್ಲ. ನೋಡಿದರೆ ನಾನು ಮುನಿಸಿಕೊಳ್ಳುತ್ತೇನೆಂದು ಎಲ್ಲರಿಗೂ ಗೊತ್ತು. ಅಂದು ಕೊನೆಯ ಸುತ್ತು ಬಿಗಿಯುವುದು ಬಾಕಿಯಿರುವಾಗಲೇ, ಮುಗಿದಂತೆಯೇ ಆಯಿತಲ್ಲ ಎಂದು ಗೀಟು ಎಳೆದು ಊಟಕ್ಕೆ ಎದ್ದೆ. ಬಾಯಿ ತೊಳೆದು ಬರುವಷ್ಟರಲ್ಲಿ ಲಾರಿ ಹೊರಟುಹೋಗಿತ್ತು. ಚಕ್ರ ಕಳಚಿದ್ದು ಇದಕ್ಕೇ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ವಾರವಿಡೀ ‘ಜೋರಾಗಿ ಓಡಿಸಿದನಂತೆ’ ಎಂಬ ಮಾತಿಗೆ ತಲೆದೂಗಿದ್ದೆ. ಸ್ವಾಭಿಮಾನಿಯೆಂದು ಬೀಗುವವನ ಸ್ವಾಭಿಮಾನ ಅಷ್ಟೂ ದಿನ ಇನ್ನೊಬ್ಬನ ಅನ್ನದ ಮೇಲೆ ಕೂತಿತ್ತು. ಟಿವಿಯವನಿಗೆ ಬೈದ ಬೈಗುಳಗಳ ವಿಳಾಸ ಬೇರೆಯೇ ಇತ್ತು.

ಲೋಟ ಅಲ್ಲೇ ಇಟ್ಟು ನೇರ ಸಾಹುಕಾರರ ಮನೆಗೆ ಹೋದೆ. “ನಟ್ಟು ಪೂರಾ ಬಿಗೀದೇ ಗೀಟು ಎಳ್ದೋನು ನಾನ್ರಿ. ತಿಪ್ಪೇಶಣ್ಣಂದು ಏನೂ ತಪ್ಪಿಲ್ಲ,” ಎಂದೆ.

“ಅವನಿಗೆ ನಾಳಿಂದ ಬರಾಕೆ ಹೇಳು. ನೀನು ಮಾತ್ರ ನನ್ನ ಲಾರಿ ಮುಟ್ಟಬ್ಯಾಡ,” ಎಂದರು.

ಮರುದಿನವೇ ತಿಪ್ಪೇಶಣ್ಣ ಸ್ಟೇರಿಂಗು ಹಿಡಿದ. ಗ್ಯಾರೇಜಿನ ಮುಂದೆ ಹಾದುಹೋಗುವಾಗ ಈ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕೆಂದು ಕೇಳುವ ಹಕ್ಕು ನನಗೂ ಇಲ್ಲ.

ಈಗ ನನಗಿರುವುದು ಒಂದು ಗ್ಯಾರೇಜು, ಎರಡು ಜಾಕು, ಸಾಹುಕಾರರ ಆರು ಲಾರಿಗಳು ಹೋದ ಮೇಲೆ ಉಳಿದ ಒಂಬತ್ತು ಗಿರಾಕಿಗಳು.