ಗುರುಬಾಯಿ ಕೆಚ್ಚಿದ ಊರು

ಬನಹಟ್ಟಿಯ ನಮ್ಮ ಓಣಿಯಲ್ಲಿ ಕೆಚ್ಚುವ ಕೆಲಸಕ್ಕೆ ನಮ್ಮ ಅತ್ತೆ ಗುರುಬಾಯಿಯನ್ನು ಮೀರಿಸುವವರಿಲ್ಲ. ಮಗ್ಗದಲ್ಲಿ ಹಳೆಯ ಹಾಸು ಮುಗಿಯುತ್ತ ಬಂದಾಗ, ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಳೆಯ ಎಳೆಗಳ ತುದಿಗೆ ಹೊಸೆದು ಕೂಡಿಸುವುದೇ ಕೆಚ್ಚುವುದು. ಅವರ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮದುವೆಯಾದ ಮೇಲೆ ನನ್ನನ್ನು ಜಮಖಂಡಿಯಲ್ಲಿ ಬಿಸಿಎ ಓದಲು ಹಚ್ಚಿದ್ದೂ ಆ ಬಾಯಿಯೇ.

೨೦೧೪ರ ಆ ದಿನ ಮಧ್ಯಾಹ್ನ ಮೂರಕ್ಕೆ ನನ್ನ ಪ್ರಾಜೆಕ್ಟ್ ಪರೀಕ್ಷೆ. ಹಿಂದಿನ ವರ್ಷ ಅದರಲ್ಲೇ ಫೇಲಾಗಿದ್ದೆ. ಈ ಸಲವೂ ಹೋದರೆ ಡಿಗ್ರಿಯ ಆಸೆ ಬಿಡಬೇಕಿತ್ತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಆಟ ಬರೆದಿದ್ದೆ. ಅತ್ತೆಯ ತವರು ಬೀಳಗಿ ಕಡೆಯ ಹೊಳೆದಂಡೆಯ ಊರು, ಡ್ಯಾಮಿನ ಹಿನ್ನೀರಲ್ಲಿ ಮುಳುಗಿದ್ದು. ಆಟದಲ್ಲಿದ್ದದ್ದು ಅದೇ ಊರು. ನೀರು ಬರುವ ಮೊದಲು ಆಟದ ಹುಡುಗಿ ಕೊಡ, ಬೀಸುಕಲ್ಲು ಹೊತ್ತು, ಆಡು ಹೊಡೆದುಕೊಂಡು ಹೊಸ ಊರಿಗೆ ದಾಟಬೇಕು. ಬೇವಿನ ಗಿಡವಿದ್ದ ಹಳೆಯ ಊರು ಒಂದು ಸೀನ್, ಹೊಸ ಊರು ಇನ್ನೊಂದು. ಹುಡುಗಿ, ಕೊಡ, ಆಡು ಒಂದೊಂದೂ ಒಂದು ಆಬ್ಜೆಕ್ಟ್. ಯಾವ ಸೀನಿನಲ್ಲಿ ಯಾವುದಿದೆ ಎಂಬುದಕ್ಕೆ ಪಟ್ಟಿ.

ಬೆಳಿಗ್ಗೆ ಹತ್ತಾದರೂ ಅದೇ ಗೋಳು. ಸೀನ್ ಬದಲಾದ ಕೂಡಲೇ ಎಲ್ಲ ಮಾಯ! ಹೊಸ ಊರಲ್ಲಿ ನರಪಿಳ್ಳೆ ಇಲ್ಲ. ಸಿಟ್ಟಿಗೆ ಕೀಬೋರ್ಡ್ ಕುಟ್ಟಿದೆ.

“ಅದರ ಮ್ಯಾಲ್ಯಾಕ ಸಿಟ್ಟ? ಏನಾತು ಹೇಳ, ಕಾಂಚನಾ,” ಎಂದರು ಅತ್ತೆ ಮಗ್ಗದ ಹಿಂದಿನಿಂದ.

“ಹಳೇ ಊರ ಅಳಸಿ ಹೊಸಾದ ತರತೇನ್ರಿ ಅತ್ತಿ. ಇದ್ದದ್ದೆಲ್ಲಾ ಅದರ ಕೂಡ ಹೋಗಿಬಿಡತೈತಿ.”

“ಹುಚ್ಚಿ! ಹಳೇ ಹಾಸ ಮದಲ ಕತ್ತರಿಸಿ ಒಗದ್ರ ಹೊಸಾದನ್ನ ಯಾತಕ್ಕ ಕೆಚ್ಚತಿ? ಮದಲ ಕೆಚ್ಚ, ಆಮ್ಯಾಲ ಬಿಡ.”

ಅಯ್ಯೋ, ಇಷ್ಟೇ! ದಾಟಬೇಕಾದವನ್ನೆಲ್ಲ ಮೊದಲು ಹೊಸ ಸೀನಿನ ಪಟ್ಟಿಗೆ ಸೇರಿಸಿ, ಆಮೇಲೆ ಹಳೆಯದನ್ನು ಅಳಿಸುವ ನಾಲ್ಕು ಸಾಲು ಬರೆದೆ. ಆ ಫಂಕ್ಷನ್ನಿಗೆ ಕೆಚ್ಚು ಎಂದೇ ಹೆಸರಿಟ್ಟೆ. ಹುಡುಗಿ ದಾಟಿದಳು! ಕೊಡ ದಾಟಿತು! ಆಡೂ ದಾಟಿತು! ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಮಗ್ಗವೂ ನಿಂತಿತು.

ಅತ್ತೆ ಎದ್ದು ಬಂದು ನೋಡಿದರು. “ಬೇವಿನ ಗಿಡಾ ಹಿಂದ ಉಳೀತಲ್ಲ?”

“ಗಿಡಾ ಹ್ಯಾಂಗ ಬರತೈತ್ರಿ?”

“ಅದರ ಟೊಂಗಿಗೆ ನಮ್ಮವ್ವ ನನ್ನ ತೊಟ್ಟಲಾ ಕಟ್ಟಿದ್ಲು. ಅದನ್ನೂ ಕೆಚ್ಚ.”

ಪರೀಕ್ಷೆಯ ಸರ್ ನಗುತ್ತಾರೆ ಎಂದು ವಾದಿಸಿದೆ. ಅತ್ತೆಯ ಕಣ್ಣು ತುಂಬಿದ್ದು ನೋಡಿ ಬಾಯಿ ಮುಚ್ಚಿಕೊಂಡು ಒಂದು ಸಾಲು ಸೇರಿಸಿದೆ. “ನನ್ನ ಊರ ತೋರಸಾಕ ಹೊಂಟಿ, ನಾ ಬ್ಯಾಡೇನು?” ಎಂದು ಅವರೂ ಜಮಖಂಡಿಯ ಬಸ್ಸು ಹತ್ತಿದರು.

ಕಾಲೇಜಿನಲ್ಲಿ ಸರ್ ಆಟವನ್ನು ತಾವೇ ಆಡಿದರು. ಹುಡುಗಿ ಹೊಸ ಊರು ಮುಟ್ಟಿದಳು. ಮನೆಯ ಮುಂದೆ ಬೇವಿನ ಗಿಡ ನಿಂತಿತ್ತು. ಸರ್ ಹುಬ್ಬು ಗಂಟಿಕ್ಕಿದರು.

“ಗಿಡಾ ಹ್ಯಾಂಗ ಬಂತು? ತಪ್ಪಲ್ಲೇನ ಇದು?”

ಬಾಗಿಲಲ್ಲಿದ್ದ ಅತ್ತೆ ಒಳಗೇ ಬಂದುಬಿಟ್ಟರು.

“ತಪ್ಪಲ್ರಿ ಸರ್. ಅವತ್ತ ನಮ್ಮೂರ ಮುಳಗೂವಾಗ ನಾವು ಆ ಗಿಡಾ ಬಿಟ್ಟ ಬಂದದ್ದ ತಪ್ಪ.”

ಸರ್ ಹಾಳೆಯಲ್ಲಿ ಪಾಸ್ ಎಂದು ಬರೆದು, ಆಟವನ್ನು ಮೊದಲಿನಿಂದ ಶುರು ಮಾಡಿದರು. ಈ ಸಲ ಹುಡುಗಿಯನ್ನು ನೇರವಾಗಿ ಬೇವಿನ ಗಿಡದ ಕಡೆಗೇ ನಡೆಸಿದರು.